ಒಂದು ಫೈಬರ್ ಸಂಪರ್ಕ, ನಾಲ್ಕು ಕಂಪ್ಯೂಟರ್: ರಿಪೀಟರ್, ಪವರ್‌ಲೈನ್, ಮೆಶ್ ಮತ್ತು ಕೇಬಲ್

ನಮ್ಮ ಮನೆಯ ನಾಲ್ಕು ಕಂಪ್ಯೂಟರ್‌ಗಳಿಗೆ ಒಂದೇ ಫೈಬರ್ ಸಂಪರ್ಕವನ್ನು ಹಂಚುವುದಕ್ಕಾಗಿ ಕಳೆದ ಎರಡು ವರ್ಷಗಳಲ್ಲಿ ನಾನು ವೈ-ಫೈಯನ್ನು ಹಿಡಿದು ಮುಂದಕ್ಕೆ ಸಾಗಿಸುವ ರಿಪೀಟರ್, ಪವರ್‌ಲೈನ್ ಅಡಾಪ್ಟರ್, ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈ-ಫೈ ಕೊಡುವ ಮೆಶ್ ಮತ್ತು ಲ್ಯಾನ್ ಕೇಬಲ್ ಎಂಬ ನಾಲ್ಕು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದು ನೋಡಿದ್ದೇನೆ. ಇವುಗಳಲ್ಲಿ ಈಗ ಉಳಿದಿರುವುದು ಕೇಬಲ್ ಒಂದೇ. ಅದರ ತುದಿಯಲ್ಲಿ, ಹಳೆಯ ಸಾಮಾನಿನ ಪೆಟ್ಟಿಗೆಯಿಂದ ಹೊರತೆಗೆದ ಒಂದು ರೂಟರ್ ಮಹಡಿಗೆ ವೈ-ಫೈ ಕೊಡುತ್ತಿದೆ. ಮೊದಲ ದಿನವೇ ಈ ಕೆಲಸ ಮಾಡಿದ್ದರೆ ಸುಮಾರು ಆರು ಸಾವಿರ ರೂಪಾಯಿ ಉಳಿಯುತ್ತಿತ್ತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲವಾದ್ದರಿಂದ ಈ ಹೋಲಿಕೆ ನಿಷ್ಪಕ್ಷಪಾತವಾದದ್ದು ಎಂದು ನಾನು ಹೇಳಿಕೊಳ್ಳುವುದಿಲ್ಲ.

ಮನೆಯ ರಚನೆಯನ್ನು ಹೇಳದೆ ಮುಂದೆ ಹೋದರೆ ನನ್ನ ಮಾತುಗಳಿಗೆ ಅರ್ಥವಿರುವುದಿಲ್ಲ. ನಮ್ಮದು ಮಲೆನಾಡಿನ ಸಾಗರ ಪೇಟೆಯ ಹತ್ತಿರದ ಹಳ್ಳಿಯಲ್ಲಿರುವ ಹಳೆಯ ಮನೆ. ಗೋಡೆಗಳೆಲ್ಲ ಜಂಬಿಟ್ಟಿಗೆಯವು, ಒಂದೂವರೆ ಅಡಿ ದಪ್ಪದವು. ಫೈಬರ್ ಎಳೆಯಲು ಬಂದ ಹುಡುಗ ಜಗಲಿಯ ಕಿಟಕಿಯ ಸಂದಿಯಿಂದ ತಂತಿಯನ್ನು ಒಳಗೆ ತಂದು, ಅಲ್ಲೇ ಕಂಡ ಮೊಳೆಗೆ ಮೋಡೆಮ್ಮನ್ನು ತಗುಲಿಹಾಕಿ, "ಇಲ್ಲಿದ್ರೆ ಸಾಕಲ್ವಾ ಅಣ್ಣ?" ಎಂದು ಕೇಳಿದಾಗ ನಾನು ತಲೆಯಾಡಿಸಿಬಿಟ್ಟೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಅಪ್ಪ ತೋಟದ ಲೆಕ್ಕ ಬರೆಯುವ ಕಂಪ್ಯೂಟರ್ ಇದೆ. ಹಿಂಬದಿಯ ಕೋಣೆಯಲ್ಲಿ ಎಂಜಿನಿಯರಿಂಗ್ ಓದುವ ಮಗನದು. ಮಹಡಿಯ ಎರಡು ಕೋಣೆಗಳಲ್ಲಿ ಒಂದರಲ್ಲಿ ನನ್ನ ಕಚೇರಿ ಕೆಲಸ ನಡೆಯುತ್ತದೆ, ಇನ್ನೊಂದರಲ್ಲಿ ನನ್ನ ಹೆಂಡತಿ ಸಂಜೆ ಹೊತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಾಳೆ.

ನಮ್ಮ ಯೋಜನೆಯ ವೇಗ 100 ಎಂಬಿಪಿಎಸ್. ಒಂದು ವಿಡಿಯೋ ಕರೆಗೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳವಾಯಿತು ಎಂದ ಮೇಲೆ, ನಾಲ್ಕು ಕಂಪ್ಯೂಟರ್‌ಗಳಿಗೆ ಈ ವೇಗ ಕಡಿಮೆಯೇನೂ ಅಲ್ಲ. ಆದರೆ ಜಗಲಿಯಲ್ಲಿ ಕುಳಿತು ಅಳೆದರೆ 94 ತೋರಿಸುತ್ತಿದ್ದ ವೇಗವು ಅಪ್ಪನ ಕೋಣೆಗೆ ಬರುವಷ್ಟರಲ್ಲಿ 50ಕ್ಕೂ, ಮಗನ ಕೋಣೆಯಲ್ಲಿ 20ಕ್ಕೂ, ಮಹಡಿಯಲ್ಲಿ 6ಕ್ಕೂ ಇಳಿಯುತ್ತಿತ್ತು. ಮೋಡೆಮ್ಮಿನ 5 ಗಿಗಾಹರ್ಟ್ಸ್ ವೈ-ಫೈ ವೇಗವಾದದ್ದು ನಿಜ. ಆದರೆ ಅಲೆಯ ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಶಕ್ತಿ ಕುಗ್ಗುವುದರಿಂದ, ಅದು ಜಗಲಿ ದಾಟಿದ ಮೇಲೆ ಇದ್ದೂ ಇಲ್ಲದಂತೆ. 2.4 ಗಿಗಾಹರ್ಟ್ಸ್‌ನದು ಗೋಡೆಗಳನ್ನು ಹಾಯುತ್ತದೆ, ಆದರೆ ಹಾಯುವಾಗ ಸೊರಗುತ್ತದೆ. ಹೆಚ್ಚು ವೇಗದ ಯೋಜನೆಗೆ ಬದಲಾಯಿಸಿಕೊಳ್ಳಿ ಎಂದು ಸಹಾಯವಾಣಿಯವರು ಕೊಟ್ಟ ಸಲಹೆಯನ್ನು ನಾನು ಪಾಲಿಸದಿದ್ದುದು ಈ ಎರಡು ವರ್ಷಗಳಲ್ಲಿ ನಾನು ತೋರಿದ ಒಂದೇ ಒಂದು ಜಾಣತನ. ಹಂಡೆಯಲ್ಲಿ ನೀರಿತ್ತು, ಬಚ್ಚಲಿಗೆ ಬರುವ ಕೊಳವೆ ಸರಿಯಿರಲಿಲ್ಲ.

ಸಂಪರ್ಕ ಹಂಚಿಕೊಳ್ಳುವ ಕಷ್ಟ ನನಗೆ ಹೊಸದಲ್ಲ. 2006ರಲ್ಲಿ ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಯೊಂದರಲ್ಲಿ ನಾವು ಮೂವರು ಗೆಳೆಯರು ಬಿಎಸ್‌ಎನ್‌ಎಲ್‌ನ ಡೇಟಾಒನ್ ಸಂಪರ್ಕವನ್ನು ಹಂಚಿಕೊಂಡಿದ್ದೆವು. ನಮ್ಮ ಮೋಡೆಮ್ಮಿಗೆ ಇದ್ದದ್ದು ಕಂಪ್ಯೂಟರಿನ ತಂತಿ ಸಿಕ್ಕಿಸುವ ಒಂದೇ ಲ್ಯಾನ್ ಕಿಂಡಿ. ನನ್ನ ಕಂಪ್ಯೂಟರ್‌ಗೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿಸಿ, ವಿಂಡೋಸಿನಲ್ಲೇ ಇರುವ ಸಂಪರ್ಕ ಹಂಚಿಕೆಯ ಸೌಲಭ್ಯವನ್ನು ಚಾಲೂ ಮಾಡಿ ಉಳಿದಿಬ್ಬರಿಗೆ ಕೊಟ್ಟಿದ್ದೆ. 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಿಂದಲೂ ಇರುವ ಈ ಸೌಲಭ್ಯ ಪುಕ್ಕಟೆಯದು, ಆದರೆ ಹಂಚುವ ಕಂಪ್ಯೂಟರ್ ಆರಿದರೆ ಉಳಿದವರದೂ ಬಂದ್. ನಮ್ಮ ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗಿನ 8 ಗಂಟೆಯವರೆಗೆ ಡೌನ್‌ಲೋಡ್‌ಗೆ ಲೆಕ್ಕವಿರಲಿಲ್ಲ. ಹಾಗಾಗಿ ಗೆಳೆಯರ ಡೌನ್‌ಲೋಡುಗಳಿಗಾಗಿ ನನ್ನ ಕಂಪ್ಯೂಟರಿನ ಫ್ಯಾನು ಇಡೀ ರಾತ್ರಿ ನನ್ನ ತಲೆದಿಂಬಿನ ಪಕ್ಕದಲ್ಲಿ ಗುಯ್‌ಗುಡುತ್ತಿತ್ತು. ಇಂದು ಯಾರೂ ಈ ದಾರಿ ಹಿಡಿಯಬೇಕಾಗಿಲ್ಲ. ಹಂಚುವ ಕೆಲಸವನ್ನು ಈಗ ಮೋಡೆಮ್ಮೇ ಮಾಡುತ್ತದೆ.

ರಿಪೀಟರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1,600 ರೂಪಾಯಿ ಕೊಟ್ಟು ತಂದ ಅದನ್ನು ಮೆಟ್ಟಿಲ ಬಳಿಯ ಪ್ಲಗ್ಗಿಗೆ ಸಿಕ್ಕಿಸಿದೆ. ಮಹಡಿಯಲ್ಲಿ ಫೋನಿನ ವೈ-ಫೈ ಗೀಟುಗಳೆಲ್ಲ ತುಂಬಿ ನಿಂತವು, ವೇಗ ಮಾತ್ರ 6ರಿಂದ 14ಕ್ಕೆ ಏರಿತು. ಒಂದೇ ರೇಡಿಯೋ ಇರುವ ರಿಪೀಟರ್ ಒಂದು ಕ್ಷಣ ಮೋಡೆಮ್ಮಿನ ಮಾತು ಕೇಳಿ ಮರುಕ್ಷಣ ಅದನ್ನೇ ಕಂಪ್ಯೂಟರ್‌ಗೆ ಒಪ್ಪಿಸಬೇಕಾಗುವುದರಿಂದ, ಕೈಗೆ ಸಿಕ್ಕ ವೇಗದಲ್ಲಿ ಅರ್ಧ ಅಲ್ಲೇ ಖರ್ಚಾಗುತ್ತದೆ. ಫೋನಿನಲ್ಲಿ ಸುದ್ದಿ ಓದುವವರಿಗೆ ಸಾಕು. ಗಣಿತದ ತರಗತಿಯ ನಡುವೆ ಹಲಗೆಯ ಮೇಲಿನ ಅಕ್ಷರಗಳು ಮಸುಕಾದರೆ ಸಾಲದು.

ಪವರ್‌ಲೈನ್ ಅಡಾಪ್ಟರ್ ನನ್ನನ್ನು ಮರುಳುಮಾಡಿದ ವಸ್ತು. ಮನೆಯ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟನ್ನೂ ಕಳುಹಿಸುವ ಜೋಡಿ ಪೆಟ್ಟಿಗೆಗಳು ಇವು. ಒಂದನ್ನು ಮೋಡೆಮ್ಮಿನ ಪಕ್ಕದ ಪ್ಲಗ್ಗಿಗೂ ಇನ್ನೊಂದನ್ನು ಬೇಕಾದ ಕೋಣೆಯ ಪ್ಲಗ್ಗಿಗೂ ಹಾಕಿದರೆ ಗೋಡೆ ಕೊರೆಯುವ ಗೋಜೇ ಇಲ್ಲ ಎಂಬ ಮಾತು ಜಂಬಿಟ್ಟಿಗೆಯ ಗೋಡೆಯಿರುವವನ ಕಿವಿಗೆ ಎಷ್ಟು ಇಂಪಾಗಿ ಕೇಳಿಸಿರಬೇಕು! 4,300 ರೂಪಾಯಿ ಕೊಟ್ಟೆ. ಪೆಟ್ಟಿಗೆಯ ಮೇಲೆ 600 ಎಂದು ಬರೆದಿತ್ತು, ಅಪ್ಪನ ಕೋಣೆಯಲ್ಲಿ ಸಿಕ್ಕಿದ್ದು 40. ಅದಕ್ಕೂ ನಾನು ಸಂತೋಷಪಟ್ಟೆ. ಆದರೆ ಅದನ್ನೇ ಮಹಡಿಗೆ ಒಯ್ದು ಹಾಕಿದಾಗ ಎರಡು ಪೆಟ್ಟಿಗೆಗಳು ಪರಸ್ಪರ ಗುರುತೇ ಹಿಡಿಯಲಿಲ್ಲ.

ಕಾರಣ ತಿಳಿಸಿದವರು ಊರಿನ ಎಲೆಕ್ಟ್ರಿಷಿಯನ್. ಪಂಪು ಮತ್ತು ಅಡಿಕೆ ಸುಲಿಯುವ ಯಂತ್ರದ ಸಲುವಾಗಿ ನಮ್ಮ ಮನೆಗೆ ಮೂರು ಫೇಸಿನ ಸಂಪರ್ಕವಿದ್ದು, ಕೆಳಮನೆ ಒಂದು ಫೇಸಿನಲ್ಲಿಯೂ ಮಹಡಿ ಇನ್ನೊಂದರಲ್ಲಿಯೂ ಇದೆ. ಈ ಪೆಟ್ಟಿಗೆಗಳು ಒಂದೇ ಫೇಸಿನ ಮೇಲಿದ್ದರೆ ಮಾತ್ರ ನೆಟ್ಟಗೆ ಮಾತನಾಡಿಕೊಳ್ಳುತ್ತವೆ. ಅವರ ಕೈಯಿಂದ ಮಹಡಿಯ ಒಂದು ಪ್ಲಗ್ಗನ್ನು ಕೆಳಗಿನ ಫೇಸಿಗೆ ಬದಲಾಯಿಸಿಕೊಂಡ ಮೇಲೆ ವೇಗ 30ರ ಆಸುಪಾಸಿಗೆ ಬಂತು, ಆದರೆ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ 8. ಸ್ಪೈಕ್ ಗಾರ್ಡಿಗೆ ಸಿಕ್ಕಿಸಿದರೆ ಅದಕ್ಕಿಂತ ಕಡೆ, ಏಕೆಂದರೆ ತಂತಿಯ ಮೇಲಿನ ಗದ್ದಲವನ್ನು ಸೋಸುವುದೇ ಸ್ಪೈಕ್ ಗಾರ್ಡಿನ ಕೆಲಸ, ಇಂಟರ್ನೆಟ್ಟಿನ ಸಂಕೇತವೂ ಅದರ ಪಾಲಿಗೆ ಗದ್ದಲವೇ. ಕರೆಂಟ್ ಹೋದಾಗಲಂತೂ ಎಲ್ಲವೂ ನಿಶ್ಶಬ್ದ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ, ಕರೆಂಟನ್ನೇ ನೆಚ್ಚಿಕೊಂಡ ದಾರಿಯನ್ನು ಆರಿಸಿಕೊಂಡದ್ದು ನನ್ನದೇ ತಪ್ಪು. ಒಂದೇ ಫೇಸಿನ, ಹೊಸ ವೈರಿಂಗಿನ ಸಣ್ಣ ಮನೆಯಲ್ಲಿ ಇದೇ ಸಾಧನ ಚೆನ್ನಾಗಿ ನಡೆದೀತು ಎಂಬುದನ್ನು ಒಪ್ಪುತ್ತೇನೆ.

ಮೆಶ್ ವ್ಯವಸ್ಥೆಯನ್ನು ನಾನು ಕೊಂಡದ್ದಲ್ಲ. ಬೆಂಗಳೂರಿನಲ್ಲಿರುವ ಭಾವ ದೀಪಾವಳಿಗೆ ಬರುವಾಗ ತಮ್ಮ ಎರಡು ಘಟಕಗಳ ಜೋಡಿಯನ್ನು ತಂದು ಹತ್ತು ದಿನ ನಮ್ಮಲ್ಲಿ ಬಿಟ್ಟಿದ್ದರು. ಅವರ ಅಪಾರ್ಟ್‌ಮೆಂಟಿನ ತೆಳು ಗೋಡೆಗಳ ನಡುವೆ ಅದು ಎಷ್ಟು ಸೊಗಸಾಗಿ ನಡೆಯುತ್ತದೆ ಎಂಬುದನ್ನು ನಾನೇ ಕಂಡಿದ್ದೇನೆ. ಫೋನಿನಲ್ಲಿ ಮಾತನಾಡುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೂ ಮಾತು ತುಂಡಾಗುವುದಿಲ್ಲ. ನಮ್ಮ ಮನೆಯಲ್ಲಿಯೂ ಆ ಗುಣ ಕಾಣಿಸಿತು, ಮಹಡಿಯಲ್ಲಿ 35ರವರೆಗೆ ವೇಗವೂ ಸಿಕ್ಕಿತು. ಆದರೆ ಎರಡು ಘಟಕಗಳು ತಮ್ಮೊಳಗೆ ಮಾತನಾಡಿಕೊಳ್ಳುವುದೂ ಗಾಳಿಯಲ್ಲೇ ಆದ್ದರಿಂದ ಜಂಬಿಟ್ಟಿಗೆ ಅವುಗಳಿಗೂ ಅಡ್ಡ ನಿಂತಿತು. ಎರಡರ ನಡುವೆ ಕೇಬಲ್ ಹಾಕಿದರೆ ಪೂರ್ತಿ ವೇಗ ಬರುತ್ತದೆ ಎಂದು ಭಾವ ಹೇಳಿದರು. ಸರಿಯಾದ ಮಾತೇ. ಕೇಬಲ್ ಹೇಗೂ ಎಳೆಯಬೇಕು ಎಂದಾದ ಮೇಲೆ ಅದರ ತುದಿಗೆ 7,000 ರೂಪಾಯಿಯ ಜೋಡಿಯೇ ಯಾಕೆ ಬೇಕು ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ.

ಕೇಬಲ್ ಎಳೆಯುವುದಕ್ಕೆ ನಾನು ಎರಡು ವರ್ಷ ಹಿಂಜರಿದದ್ದು ಗೋಡೆಗಳ ಭಯದಿಂದ. ಕೊನೆಗೆ ನೋಡಿದರೆ ಗೋಡೆ ಕೊರೆಯಬೇಕಾದ್ದು ಒಂದೇ ಕಡೆ. ಹಳೆಯ ಮನೆಗಳಲ್ಲಿ ಅಟ್ಟವೆಂಬುದೊಂದು ಇರುತ್ತದೆಯಲ್ಲ! ಜಗಲಿಯಿಂದ ಅಟ್ಟಕ್ಕೆ, ಅಲ್ಲಿ ತೊಲೆಯ ಗುಂಟ ಮೆಟ್ಟಿಲಿನವರೆಗೆ, ಅಲ್ಲಿಂದ ಮಹಡಿಯ ಹಲಗೆಯ ಸಂದಿಯಲ್ಲಿ ಮೇಲಕ್ಕೆ. ಒಟ್ಟು 22 ಮೀಟರ್. ತಾಮ್ರದ ಲ್ಯಾನ್ ಕೇಬಲ್ಲಿಗೆ 100 ಮೀಟರಿನವರೆಗೂ ಅವಕಾಶವಿರುವುದರಿಂದ ಉದ್ದದ ಚಿಂತೆಯಿರಲಿಲ್ಲ. ಇಲಿಗಳ ಚಿಂತೆಯಿತ್ತು. ಅದಕ್ಕೆಂದು ಇಡೀ ಕೇಬಲ್ಲನ್ನು ವೈರಿಂಗಿಗೆ ಬಳಸುವ ಪಿವಿಸಿ ಪೈಪಿನೊಳಗೆ ತೂರಿಸಿದೆವು. ಅಪ್ಪ ಕೆಳಗೆ ನಿಂತು ಟಾರ್ಚ್ ಹಿಡಿದರು, ಮಗ ಅಟ್ಟ ಹತ್ತಿದ.

ಕೊಳ್ಳುವಾಗ ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಪೇಟೆಯ ಅಂಗಡಿಯೊಂದರಲ್ಲಿ ಮೀಟರಿಗೆ 12 ರೂಪಾಯಿಯಂತೆ ಕ್ಯಾಟ್ 6 ದರ್ಜೆಯದು ಎಂದು ಕೊಟ್ಟ ಮೊದಲ ಕೇಬಲ್ ಹಿಡಿದರೆ ಹಗುರ. ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದಾಗ ಮೇಲಿನ ತಾಮ್ರದ ಬಣ್ಣದ ಕೆಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಾಣಿಸಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಬಾಗಿಸುತ್ತಿದ್ದರೆ ಬೇಗ ಮುರಿಯುತ್ತದೆ. ಗಿಗಾಬಿಟ್, ಅಂದರೆ 1,000 ಎಂಬಿಪಿಎಸ್ ವೇಗಕ್ಕೆ ಕೇಬಲ್ಲಿನ ನಾಲ್ಕೂ ಜೋಡಿ ಎಳೆಗಳು ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಆದ್ದರಿಂದ ಉಳಿದೆರಡು ಜೋಡಿಗಳಲ್ಲಿ ಒಂದು ಎಳೆ ಒಳಗೆ ಮುರಿದಿದ್ದರೂ ಕೇಬಲ್ ಕೆಲಸ ಮಾಡುತ್ತಿರುವಂತೆ ನಟಿಸುತ್ತ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಅದನ್ನು ಹಿಂದಿರುಗಿಸಿ, ಮೀಟರಿಗೆ 28 ರೂಪಾಯಿಯ ಅಪ್ಪಟ ತಾಮ್ರದ್ದನ್ನು ಬೇರೆ ಕಡೆ ತಂದೆ. ತುದಿಗಳನ್ನು ನಾನೇ ಕ್ರಿಂಪ್ ಮಾಡಿದೆ, ಅಂದರೆ ಎಳೆಗಳನ್ನು ಪ್ಲಾಸ್ಟಿಕ್ ತಲೆಯೊಳಗೆ ಸಾಲಾಗಿ ತೂರಿಸಿ ಇಕ್ಕಳದಿಂದ ಒತ್ತಿ ಕೂರಿಸಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಸಾಲನ್ನು ಮಗ್ಗಿಯಂತೆ ಹೇಳಿಕೊಳ್ಳುತ್ತ ಕುಳಿತರೂ ಮೊದಲ ಮೂರು ತಲೆಗಳು ಕೆಟ್ಟವು, ನಾಲ್ಕನೆಯದು ಕೂತಿತು. ಹಸಿರಿನ ಎರಡು ಎಳೆಗಳ ನಡುವೆ ನೀಲಿ ಜೋಡಿ ಬಂದು ಕೂರುವ ಜಾಗದಲ್ಲೇ ಎಲ್ಲರ ಕೈಯೂ ತಪ್ಪುವುದಂತೆ.

ಕೇಬಲ್ ಮಹಡಿಯಲ್ಲಿ ಒಂದು ಕೇಬಲ್ಲನ್ನು ಹಲವಾಗಿ ಕವಲೊಡೆಸುವ, ಐದು ಕಿಂಡಿಗಳ ಒಂದು ನೆಟ್‌ವರ್ಕ್ ಸ್ವಿಚ್ಚಿಗೆ ಬಂದು ಸೇರುತ್ತದೆ. ಅದರಿಂದ ನನ್ನ ಕಂಪ್ಯೂಟರ್‌ಗೆ ಒಂದು ತಂತಿ, ಹಳೆಯ ರೂಟರಿಗೆ ಇನ್ನೊಂದು. ಹೆಂಡತಿಯ ಲ್ಯಾಪ್‌ಟಾಪ್ ಮತ್ತು ಮಹಡಿಯ ಫೋನುಗಳಿಗೆ ವೈ-ಫೈ ಕೊಡುವುದು ಆ ರೂಟರಿನ ಪಾಲಿನ ಕೆಲಸ. ಕೆಳಗೆ ಅಪ್ಪನಿಗೂ ಮಗನಿಗೂ ಮೋಡೆಮ್ಮಿನಿಂದಲೇ ನೇರ ಕೇಬಲ್ ಹೋಯಿತು. ನಾಲ್ಕೂ ಕಂಪ್ಯೂಟರ್‌ಗಳಲ್ಲಿ 90ರ ಮೇಲೆ ವೇಗ. ಮೂರು ದಿನ ಹಬ್ಬದಂತಿತ್ತು. ನಾಲ್ಕನೆಯ ದಿನ ಕರೆಂಟ್ ಹೋಗಿ ಬಂದ ಮೇಲೆ ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ವೈ-ಫೈ ಇದೆ, ಇಂಟರ್ನೆಟ್ ಇಲ್ಲ ಎಂಬ ಸೂಚನೆ ಬಂತು. ಅಲ್ಲಿಂದ ಮೂರು ವಾರ ನಾನು ಅನುಭವಿಸಿದ ಪಡಿಪಾಟಲನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಳೆಯ ರೂಟರನ್ನು ಮರುಬಳಕೆ ಮಾಡುವ ಯಾರಿಗೇ ಆದರೂ ಇದು ಎದುರಾಗಬಹುದು.

ಮನೆಯೊಳಗಿನ ಪ್ರತಿ ಕಂಪ್ಯೂಟರ್‌ಗೂ ಒಂದು ಖಾಸಗಿ ವಿಳಾಸ ಬೇಕು. ಅದನ್ನು ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ನಮ್ಮ ಮೋಡೆಮ್ಮಿನ ಸ್ವಂತ ವಿಳಾಸ 192.168.1.1, ಅದು ಹಂಚುವುದು ಅದೇ ಸಾಲಿನ ವಿಳಾಸಗಳನ್ನು. ಹಳೆಯ ರೂಟರಿನದು 192.168.0.1, ಅದಕ್ಕೂ ತನ್ನದೇ ಸಾಲಿನ ವಿಳಾಸಗಳನ್ನು ಹಂಚುವ ಅಭ್ಯಾಸ. ಒಂದು ಮನೆಯಲ್ಲಿ ಹಂಚುವ ಯಜಮಾನಿಕೆ ಒಬ್ಬರದೇ ಆಗಿರಬೇಕು. ಆದ್ದರಿಂದ ನಾನು ಹಳೆಯ ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ವಿಳಾಸವನ್ನು 192.168.1.2 ಎಂದು ಬದಲಾಯಿಸಿ, ಕೇಬಲ್ಲನ್ನು, ಹೊರಗಿನ ಇಂಟರ್ನೆಟ್ಟಿಗೆಂದು ಇರುವ ಅದರ ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗೆ ಹಾಕಿದ್ದೆ. ಇಷ್ಟು ಮಾಡಿದರೆ ರೂಟರ್ ತನ್ನ ರೂಟರುತನವನ್ನು ಬಿಟ್ಟು ಬರೀ ವೈ-ಫೈ ಕೊಡುವ ಪೆಟ್ಟಿಗೆಯಾಗುತ್ತದೆ. ಎಲ್ಲವೂ ಪುಸ್ತಕದಲ್ಲಿ ಬರೆದಂತೆಯೇ ಇತ್ತು.

ಆದರೂ ಕರೆಂಟ್ ಹೋಗಿ ಬಂದಾಗಲೆಲ್ಲ ಹೆಂಡತಿಯ ತರಗತಿ ನಿಲ್ಲುತ್ತಿತ್ತು. ಕೆಲವು ದಿನ ನನ್ನದೂ ನಿಲ್ಲುತ್ತಿತ್ತು, ಕೆಲವು ದಿನ ಮಗನದು. ಅಪ್ಪನ ಕಂಪ್ಯೂಟರ್ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. "ನಂದರಲ್ಲಿ ಬರ್ತಾ ಇದೆಯಲ್ಲ, ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ಲ" ಎಂದು ಅವರು ಹೇಳುತ್ತಿದ್ದರು. ಫೋನುಗಳಲ್ಲಿ ವೈ-ಫೈ ಕೈಕೊಟ್ಟರೆ ಮೊಬೈಲ್ ಡೇಟಾ ತಾನಾಗಿಯೇ ಬರುವುದರಿಂದ ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಬರುವ ಉತ್ತರ ಒಂದೇ: ಎಲ್ಲವನ್ನೂ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ಹಾಗೆ ಮಾಡಿದರೆ ಕೆಲವು ಸಲ ಸರಿಹೋಗುತ್ತಿತ್ತು, ಕೆಲವು ಸಲ ಸರಿಯಿದ್ದ ಕಂಪ್ಯೂಟರೂ ಕೆಡುತ್ತಿತ್ತು. ನಾನು ಕೇಬಲ್ಲನ್ನು ಸಂಶಯಿಸಿದೆ, ನಾನೇ ಕ್ರಿಂಪ್ ಮಾಡಿದ ತಲೆಗಳನ್ನು ಸಂಶಯಿಸಿದೆ, ಅಟ್ಟ ಹತ್ತಿ ಇಲಿಯನ್ನು ಸಂಶಯಿಸಿದೆ. ಮಹಡಿಯ ಕೇಬಲ್ಲಿನ ಎರಡೂ ತಲೆಗಳನ್ನು ಕತ್ತರಿಸಿ ಹೊಸದಾಗಿ ಹಾಕಿದೆ.

ಸುಳಿವು ಸಿಕ್ಕಿದ್ದು ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ಆದೇಶಗಳನ್ನು ಬರೆಯುವ ಕಪ್ಪು ಕಿಟಕಿ ತೆರೆದು, ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟಾಗ. 192.168.1 ಎಂದು ಆರಂಭವಾಗಬೇಕಿದ್ದ ವಿಳಾಸ 192.168.0.101 ಎಂದಿತ್ತು. ನಾನು ಬಾಯಿ ಮುಚ್ಚಿಸಿದ್ದ ಹಳೆಯ ರೂಟರೇ ಅದನ್ನು ಕೊಟ್ಟಿತ್ತು! ಬ್ರೌಸರಿನಲ್ಲಿ ಅದರ ಹೊಂದಾಣಿಕೆಯ ಪುಟವನ್ನು ತೆರೆದು ನೋಡಿದರೆ ಡಿಎಚ್‌ಸಿಪಿ ಚಾಲೂ ಇದೆ, ವಿಳಾಸವೂ ಮೊದಲಿನದೇ. ಅದನ್ನು ನಿಲ್ಲಿಸಿದೆ, ವಿಳಾಸ ಬದಲಾಯಿಸಿದೆ, ಕಣ್ಣಾರೆ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡೆ. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಪುನಃ ಹಳೆಯದೇ! ಆ ರೂಟರಿನಲ್ಲಿ ಬದಲಾವಣೆಯ ಕೆಳಗಿರುವ "ಅಪ್ಲೈ" ಗುಂಡಿಯನ್ನು ಒತ್ತಿದರೆ ಆ ಹೊತ್ತಿಗೆ ಮಾತ್ರ ಜಾರಿಯಾಗುತ್ತದೆ. ಅದು ಶಾಶ್ವತವಾಗಿ ಉಳಿಯಬೇಕಾದರೆ "ಟೂಲ್ಸ್" ಎಂಬ ಇನ್ನೊಂದು ಪುಟಕ್ಕೆ ಹೋಗಿ, ಅಲ್ಲಿ ಮೂಲೆಯಲ್ಲಿರುವ "ಸೇವ್" ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಒತ್ತದಿದ್ದರೆ ಕರೆಂಟ್ ಹೋದ ಕ್ಷಣದಲ್ಲಿ ಎಲ್ಲ ಮರೆತು ಹುಟ್ಟಿದಂದಿನ ಸ್ಥಿತಿಗೆ ಮರಳುತ್ತದೆ. ಹೀಗೆ ಎರಡು ಸಲ ಹೇಳಿಸಿಕೊಳ್ಳುವ ರೂಟರುಗಳು ಆ ಕಾಲದಲ್ಲಿ ಸಾಮಾನ್ಯವಾಗಿದ್ದವು, ನನಗೆ ಅದು ಮರೆತೇಹೋಗಿತ್ತು.

ಉಳಿದದ್ದೆಲ್ಲ ಆಮೇಲೆ ತಾನಾಗಿ ಬಿಡಿಸಿಕೊಂಡಿತು. ಕರೆಂಟ್ ಬಂದಾಗ ಹಳೆಯ ರೂಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಫೈಬರ್ ಮೋಡೆಮ್ ಎದ್ದು, ಬೆಳಕಿನ ಎಳೆಯ ಆಚೆ ತುದಿಯ ಯಂತ್ರಕ್ಕೆ ತನ್ನ ಗುರುತು ಹೇಳಿ ಸಿದ್ಧವಾಗುವುದಕ್ಕೆ ಎರಡು ಮೂರು ನಿಮಿಷ ಬೇಕು. ಬ್ಯಾಟರಿಯಿಂದಾಗಿ ಎಚ್ಚರವೇ ಇರುವ ಹೆಂಡತಿಯ ಲ್ಯಾಪ್‌ಟಾಪ್ ಆ ನಡುವಿನ ಅವಧಿಯಲ್ಲಿ ವಿಳಾಸ ಕೇಳಿದರೆ ಉತ್ತರಿಸುವವನು ಹಳೆಯ ರೂಟರ್ ಒಬ್ಬನೇ. ಅವನು ವಿಳಾಸವನ್ನೂ ಕೊಟ್ಟು, ಇಂಟರ್ನೆಟ್ಟಿಗೆ ನನ್ನ ಮೂಲಕವೇ ಹೋಗು ಎಂದೂ ಹೇಳುತ್ತಾನೆ. ಅವನ ಹಿಂದೆ ಇಂಟರ್ನೆಟ್ಟೇ ಇಲ್ಲ. ನಾನೂ ಮಗನೂ ಕಂಪ್ಯೂಟರ್ ಹಾಕುವ ಹೊತ್ತಿಗೆ ರೂಟರ್, ಮೋಡೆಮ್ ಇಬ್ಬರೂ ಎದ್ದಿರುತ್ತಿದ್ದರು, ಯಾರು ಮೊದಲು ಉತ್ತರ ಕೊಟ್ಟರೋ ಆ ದಿನ ಅವರದು. ಅಪ್ಪನ ಕಂಪ್ಯೂಟರ್ ಕೆಡದಿದ್ದುದಕ್ಕೂ ಕಾರಣವಿತ್ತು: ಪ್ರಿಂಟರಿನ ಸಲುವಾಗಿ ಹಿಂದೆಂದೋ ಅದಕ್ಕೆ ನಾನೇ ಕೈಯಾರೆ ಸ್ಥಿರ ವಿಳಾಸ ಬರೆದುಕೊಟ್ಟಿದ್ದೆ, ಅದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಹಾಯವಾಣಿಯ ಸಲಹೆಯಂತೆ ಎಲ್ಲವನ್ನೂ ಆರಿಸಿ ಹಾಕಿದಾಗಲೆಲ್ಲ ನಾವೇ ಕೈಯಾರೆ ಒಂದು ಕರೆಂಟ್ ಕಡಿತವನ್ನು ಸೃಷ್ಟಿಸಿ ಆ ತೊಂದರೆಯನ್ನು ಮತ್ತೆ ಬರಮಾಡಿಕೊಳ್ಳುತ್ತಿದ್ದೆವು.

"ಸೇವ್" ಗುಂಡಿ ಒತ್ತಿದ ಮೇಲೆ ಮೂರು ಸಲ ಪ್ಲಗ್ ಕಿತ್ತು ಪರೀಕ್ಷಿಸಿದೆ, ಮತ್ತೆ ಆ ಕಾಟ ಬಂದಿಲ್ಲ. ರೂಟರಿನ ಬೆನ್ನಿಗೆ ಅದರ ಹೊಸ ವಿಳಾಸವನ್ನು ಬರೆದ ಚೀಟಿ ಅಂಟಿಸಿದ್ದೇನೆ. ಡಿಎಚ್‌ಸಿಪಿ ನಿಲ್ಲಿಸಿದ ರೂಟರಿನ ವಿಳಾಸ ಮರೆತುಹೋದರೆ ಅದರ ಪುಟವನ್ನು ತೆರೆಯುವುದೇ ಒಂದು ಸಾಹಸವಾಗುತ್ತದೆ. ಮೋಡೆಮ್ಮಿಗೂ ರೂಟರಿಗೂ 12 ವೋಲ್ಟಿನ ಒಂದೊಂದು ಪುಟ್ಟ ಯುಪಿಎಸ್ ಇಟ್ಟಿದ್ದೇನೆ.

ಇಷ್ಟೆಲ್ಲ ಯಾಕೆ, ಕೇಬಲ್ಲನ್ನು ವ್ಯಾನ್ ಕಿಂಡಿಗೇ ಹಾಕಿಬಿಟ್ಟರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಹೊಂದಿಸುವ ಕೆಲಸವೂ ಕಡಿಮೆ. ಆದರೆ ಆಗ ಮಹಡಿಯ ವೈ-ಫೈ ಒಂದು ಪ್ರತ್ಯೇಕ ಜಾಲವಾಗುತ್ತದೆ, ಅಪ್ಪನ ಕೋಣೆಯ ಪ್ರಿಂಟರ್ ಅಲ್ಲಿನ ಲ್ಯಾಪ್‌ಟಾಪಿನಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಪ್ರಶ್ನೆಪತ್ರಿಕೆ ಮುದ್ರಿಸಲು ಪೆನ್‌ಡ್ರೈವ್ ಹಿಡಿದು ಮೆಟ್ಟಿಲಿಳಿಯಲು ನನ್ನ ಹೆಂಡತಿ ಸಿದ್ಧಳಿರಲಿಲ್ಲ.

ಮಲೆನಾಡಿನವರು ಕೇಬಲ್ಲಿಗೆ ಹೆದರುವುದಕ್ಕೆ ಇನ್ನೊಂದು ನ್ಯಾಯವಾದ ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎಷ್ಟು ಟಿವಿಗಳು, ಎಷ್ಟು ಹಳೆಯ ಟೆಲಿಫೋನುಗಳು ಸುಟ್ಟುಹೋಗಿವೆ ಎಂಬುದು ಇಲ್ಲಿ ಪ್ರತಿ ಮನೆಯ ಕಥೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎಂಬ ಧೈರ್ಯ ಅರ್ಧ ಮಾತ್ರ ಸರಿ, ಮೋಡೆಮ್ಮಿನ ಅಡಾಪ್ಟರ್ ಕರೆಂಟಿನ ತಂತಿಗೇ ಅಂಟಿಕೊಂಡಿರುತ್ತದೆಯಲ್ಲ. ಆ ದಾರಿಯಲ್ಲಿ ಒಳಬಂದ ಆಘಾತವನ್ನು ಲ್ಯಾನ್ ಕೇಬಲ್ ಉಳಿದ ಕೋಣೆಗಳಿಗೂ ದಾಟಿಸಬಲ್ಲದು. ಆದ್ದರಿಂದ ದೂರದಲ್ಲಿ ಗುಡುಗಿದ ಕೂಡಲೇ ಅಪ್ಪ ಎದ್ದು ಜಗಲಿಯ ಪ್ಲಗ್ಗುಗಳನ್ನೂ ಮೋಡೆಮ್ಮಿನಿಂದ ಹೊರಡುವ ಕೇಬಲ್ಲುಗಳನ್ನೂ ಕಿತ್ತಿಡುತ್ತಾರೆ. ಈ ವಿಷಯದಲ್ಲಿ ವೈ-ಫೈ ಮೇಲು, ಸಂಶಯವಿಲ್ಲ. ಅಂಗಳ ದಾಟಿ ಅಡಿಕೆ ಸುಲಿಯುವ ಮನೆಗೂ ಇಂಟರ್ನೆಟ್ ಬೇಕು ಎಂಬ ಬೇಡಿಕೆಯಿದೆ. ಬಯಲಿನಲ್ಲಿ ತಾಮ್ರದ ತಂತಿ ಎಳೆಯಲು ನಾನು ಒಪ್ಪಿಲ್ಲ, ಅಲ್ಲಿಗೆ ಹಾಕಿದರೆ ಫೈಬರನ್ನೇ ಹಾಕುವುದು.

ಇನ್ನೊಂದು ಮಾತು: ಮಗನ ಫೋಟೋಗಳು ಕ್ಲೌಡಿಗೆ ಏರುತ್ತಿರುವಾಗ ಎಲ್ಲರ ವಿಡಿಯೋ ಕರೆಗಳೂ ತಡವರಿಸುತ್ತವೆ. ಅದನ್ನು ಈ ನಾಲ್ಕರಲ್ಲಿ ಯಾವುದೂ ತಾನಾಗಿ ಸರಿಪಡಿಸಲಿಲ್ಲ. ಮಗನೇ ಅಪ್‌ಲೋಡಿನ ಸಮಯವನ್ನು ರಾತ್ರಿಗೆ ಬದಲಾಯಿಸಿಕೊಂಡ.

ಕೇಬಲ್, ಪೈಪು, ಸ್ವಿಚ್ಚು, ಕ್ರಿಂಪಿಂಗ್ ಇಕ್ಕಳ, ಹಾಳಾದ ತಲೆಗಳು ಎಲ್ಲ ಸೇರಿ ನನಗೆ ಬಿದ್ದ ಖರ್ಚು 3,900 ರೂಪಾಯಿ. ಪುಟ್ಟ ಯುಪಿಎಸ್‌ಗಳು ಬೇರೆ, ಅವು ಯಾವ ದಾರಿ ಹಿಡಿದಿದ್ದರೂ ಬೇಕಾಗುತ್ತಿದ್ದವು. ಈ ತೀರ್ಮಾನಕ್ಕೆ ನನ್ನ ಅಭ್ಯಾಸವೂ ಕಾರಣ. ನಾನು ಬೆಳಗ್ಗೆ ಒಂಬತ್ತಕ್ಕೆ ಒಂದು ಮೇಜಿಗೆ ಕುಳಿತರೆ ಸಂಜೆಯವರೆಗೆ ಅಲ್ಲಿಂದ ಏಳುವವನಲ್ಲ, ಲ್ಯಾಪ್‌ಟಾಪ್ ಹೊತ್ತುಕೊಂಡು ಮನೆಯೆಲ್ಲ ಸುತ್ತುವವನಲ್ಲ. ಹಾಗೆ ಸುತ್ತುವವರಿಗೆ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅನುಮತಿ ಕೇಳಬೇಕಾದ ಬಾಡಿಗೆದಾರರಿಗೆ ನಾನು ಮೆಶ್ಶನ್ನೇ ಹೇಳುತ್ತೇನೆ, 7,000 ರೂಪಾಯಿ ಹೊರೆಯೆನಿಸದಿದ್ದರೆ. ಜಗಲಿಯ ಮೋಡೆಮ್ಮಿಗೂ ಮಹಡಿಯ ರೂಟರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿರುವುದರಿಂದ ನಮ್ಮ ಫೋನುಗಳೂ ಒಂದರಿಂದ ಇನ್ನೊಂದಕ್ಕೆ ತಾವೇ ದಾಟುತ್ತವೆ. ಮೆಟ್ಟಿಲ ನಡುವೆ ಎರಡು ಮೂರು ಸೆಕೆಂಡು ಮಾತು ನಿಲ್ಲುತ್ತದೆ, ಅಷ್ಟನ್ನು ನಾವು ಸಹಿಸಿಕೊಂಡಿದ್ದೇವೆ. ರಿಪೀಟರನ್ನು ಪಕ್ಕದ ಮನೆಯವರು ಕೇಳಿ ತೆಗೆದುಕೊಂಡು ಹೋದರು. ಪವರ್‌ಲೈನಿನ ಜೋಡಿ ಪೆಟ್ಟಿಗೆಗಳು ಅಟ್ಟದ ಮೇಲೆ, ಕೇಬಲ್ಲಿನ ಪೈಪು ಹಾದುಹೋಗಿರುವ ತೊಲೆಯ ಪಕ್ಕದಲ್ಲೇ ಇವೆ.